ಬೆಳಗಾವಿ ದಾರಿಯ ಎದುರುಗಾಳಿ

ಘಟ್ಟದ ಕೆಳಗೆ ಒಂದು ಆಶ್ರಮ. ಅಲ್ಲಿ ಜಪಮಣಿಗಿಂತ ಸೈಕಲ್ ಚೈನೇ ಹೆಚ್ಚು ತಿರುಗುತ್ತಿತ್ತು.

ಗುರುಗಳ ಹೆಸರು ಹಾಲಯ್ಯಜ್ಜ. ಎಪ್ಪತ್ತು ದಾಟಿದರೂ ಸೈಕಲ್ ಬಿಟ್ಟವರಲ್ಲ. ಶಿಷ್ಯೆ ನೀಲಗಂಗಾ. ಅವಳ ಕಾಲಲ್ಲಿ ಕಸುವಿತ್ತು, ಬಾಯಲ್ಲಿ ಅದಕ್ಕಿಂತ ಹೆಚ್ಚಿತ್ತು.

ಆಶ್ರಮಕ್ಕೆ ಇದ್ದದ್ದು ಒಂದೇ ಕಟ್ಟಳೆ. ದಾರಿಯಲ್ಲಿ ಗುರು ಮುಂದೆ, ಶಿಷ್ಯರು ಹಿಂದೆ. ಗುರು ‘ಹೋಗು’ ಅನ್ನುವವರೆಗೂ ಯಾರೂ ಮುಂದೆ ಹೋಗುವಂತಿಲ್ಲ.

ನೀಲಗಂಗಾ ನಾಲ್ಕು ವರ್ಷ ಹಿಂದೆಯೇ ಉಳಿದಳು. ಒಳಗೊಳಗೆ ಕುದಿಯುತ್ತಿದ್ದಳು, ಪಾಪ.

ಚಳಿಗಾಲದ ಒಂದು ದಿನ ನಸುಕಿನಲ್ಲೇ ಇಬ್ಬರೂ ಬೆಳಗಾವಿಗೆ ಹೊರಟರು. ಅಲ್ಲಿಯ ಒಂದು ಶಾಲೆಯ ಮಕ್ಕಳು ಮರುದಿನ ಸೈಕಲ್ ಮೇಲೆ ಘಟ್ಟ ಇಳಿದು ಆಶ್ರಮಕ್ಕೆ ಬರುವವರಿದ್ದರು. ಅವರನ್ನು ಕರೆತರಲು ಮುಂದೆ ಒಬ್ಬರು ಬೇಕಾಗಿತ್ತು.

“ಅಜ್ಜಾರ, ಆ ಮಕ್ಕಳನ್ನ ನಾ ಕರಕೊಂಡು ಬರತೀನ್ರಿ,” ಅಂದಳು ನೀಲಗಂಗಾ.

“ಮೊದಲ ಇವತ್ತ ನನ್ನ ಬೆಳಗಾವಿತನಕ ಕರಕೊಂಡು ಹೋಗು. ಆಮ್ಯಾಲ ನೋಡೋಣು.”

“ಅಂದ್ರ ನಾ ಮುಂದ ಹೋಗ್ಲೇನ್ರಿ?”

“ಹೋಗು.”

ಅಷ್ಟು ಹೇಳಿದ್ದೇ ತಡ, ಹುಡುಗಿ ಕೈಗೆ ಸಿಗಲಿಲ್ಲ. ತಿರುವಿನ ಮೇಲೆ ತಿರುವು, ಏರಿನ ಮೇಲೆ ಏರು. ಲಾರಿಯವರೇ ಉಸ್ಸಪ್ಪಾ ಅನ್ನುವ ಜಾಗದಲ್ಲಿ ಇವಳು ಎದ್ದು ನಿಂತು ಪೆಡಲ್ ತುಳಿದಳು. ಒಮ್ಮೆಯೂ ನೆಲಕ್ಕೆ ಕಾಲು ಊರಲಿಲ್ಲ.

ಘಟ್ಟದ ನೆತ್ತಿ ಮುಟ್ಟಿ ಕಲ್ಲಿನ ಮೇಲೆ ಕೂತಳು. ಕೆಳಗೆ ಕಾಡು, ಅದರಾಚೆ ಮಂಜು. ಖುಷಿಗೆ ಒಬ್ಬಳೇ ನಕ್ಕಳು.

ಬಹಳ ಹೊತ್ತಾದ ಮೇಲೆ ಅಜ್ಜ ಬಂದರು. ಅಂಗಿ ಬೆವರಿಗೆ ಒದ್ದೆಯಾಗಿ ಮೈಗಂಟಿತ್ತು.

“ನೋಡಿದ್ರೇನ್ರಿ ಅಜ್ಜಾರ? ಇಡೀ ಘಟ್ಟ ನಾನ ಮುಂದ!”

“ಯಾರ ಮುಂದ?”

“ನಿಮ್ಮ ಮುಂದ್ರಿ.”

“ನಾ ಅಲ್ಲಿ ಇರಲೇ ಇಲ್ಲಲ್ಲವ್ವ.”

ನೀಲಗಂಗಾಳ ನಗು ಅಲ್ಲೇ ನಿಂತಿತು. ಮಕ್ಕಳನ್ನು ಕರೆತರುವ ಕೆಲಸ ಕೈತಪ್ಪಿತು ಅಂದುಕೊಂಡಳು. ಅಜ್ಜ ಬೈಯಲಿಲ್ಲ, ನೀರು ಕುಡಿದು ಸೈಕಲ್ ಹತ್ತಿದರು.

“ನಡಿ, ನೀನ ಮುಂದ ಇರು. ಊರು ಇನ್ನೂ ದೂರ ಐತಿ.”

ಘಟ್ಟ ಮುಗಿದು ಬಯಲು ಶುರುವಾಯಿತು. ಅಲ್ಲಿ ಕಾದು ಕೂತಿತ್ತು ಮೂಡಗಾಳಿ. ಅಯ್ಯೋ, ಅದೇನು ಗಾಳಿ ಅಂತೀರಿ! ಎದುರಿಗೆ ನಿಂತು ಯಾರೋ ಹ್ಯಾಂಡಲ್ ಹಿಡಿದು ಹಿಂದಕ್ಕೆ ನೂಕಿದಂತೆ. ನೆಲ ಸಪಾಟಾಗಿದ್ದರೂ ಸೈಕಲ್ ಮುಂದೆ ಸರಿಯಲೊಲ್ಲದು.

“ಅಜ್ಜಾರ, ನಾಕು ವರ್ಷ ಇದ ದಾರ್ಯಾಗ ಬಂದೀನಿ. ಈ ಗಾಳಿ ಇರಲೇ ಇಲ್ಲಲ್ರಿ!” ಅವಳು ಹಿಂದೆ ತಿರುಗಿ ಕೂಗಿದಳು.

“ಇತ್ತವ್ವ.”

“ಎಲ್ಲಿತ್ರಿ?”

“ನನ್ನ ಎದಿ ಮ್ಯಾಲ.”

ನೀಲಗಂಗಾ ಮುಂದಕ್ಕೆ ತಿರುಗಿ ತಲೆ ತಗ್ಗಿಸಿ ಪೆಡಲ್ ತುಳಿದಳು. ಹಿಂದೆ ಇಟ್ಟುಕೊಂಡು ತನ್ನನ್ನು ಸಣ್ಣವಳನ್ನಾಗಿ ಮಾಡುತ್ತಾರೆ ಅಂತ ಎಷ್ಟು ಸಲ ಅಜ್ಜನಿಗೆ ಮನಸ್ಸಿನಲ್ಲೇ ಬೈದಿದ್ದಳು! ನಾಚಿಕೆಯಾಯಿತು. ಅಳುವೂ ಬಂತು.

ತುಸು ಹೊತ್ತಿಗೆ ಹಿಂದಿನ ಚೈನಿನ ಸದ್ದು ನಿಂತಿತು. ತಿರುಗಿ ನೋಡಿದರೆ ಅಜ್ಜ ರಸ್ತೆ ಬದಿಯಲ್ಲಿ ಕಾಲು ಊರಿ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

“ಘಟ್ಟದಾಗ ನಿನ್ನ ಹಿಡಿಯಾಕ ಹೋಗಿ ಕಾಲು ಸೋತು ಹೋದುವು. ನೀ ನಡಿ ತಂಗಿ. ಹಿಂದ ಟೆಂಪೋ ಬರತಾವು, ಹತ್ತಿ ಬರತೀನಿ.”

ನೀಲಗಂಗಾ ಸೈಕಲ್ ತಿರುಗಿಸಿಕೊಂಡು ಅವರ ಹತ್ತಿರ ಬಂದಳು. ಹಾಲಯ್ಯಜ್ಜ ಟೆಂಪೋ ಹತ್ತುವುದೇ? ಅದೂ ತನ್ನ ದೆಸೆಯಿಂದ?

“ಮಕ್ಕಳ ಮುಂದ ಯಾರರ ಹೋಗ್ಲಿ, ಆ ಮಾತು ಬಿಡ್ರಿ. ನಿಮ್ಮನ್ನ ಟೆಂಪೋ ಹತ್ತಾಕ ಬಿಡಂಗಿಲ್ಲ ನಾ,” ಅಂದಳು. ಚೀಲದಿಂದ ಶೇಂಗಾ, ಬೆಲ್ಲ ತೆಗೆದು ಅವರ ಕೈಯಲ್ಲಿಟ್ಟಳು. “ತಿನ್ರಿ. ತಿಂದು ನನ್ನ ಬೆನ್ನಿಗೆ ಹತ್ತಿಕೊಂಡ ಬರ್ರಿ. ಒಂದು ಮೊಳ ಸೈತ ಹಿಂದ ಉಳೀಬ್ಯಾಡ್ರಿ.”

“ಗುರುವಿಗೇ ಹುಕುಂ ಮಾಡ್ತೀಯೇನ?”

“ಹೂಂನ್ರಿ.”

ಅಜ್ಜ ನಕ್ಕು ಬೆಲ್ಲ ಬಾಯಿಗೆ ಹಾಕಿಕೊಂಡರು.

ಈಗ ನೀಲಗಂಗಾ ತುಳಿದದ್ದೇ ಬೇರೆ ರೀತಿ. ಹಿಂದಿನ ಉಸಿರು ಏದುಸಿರಾದರೆ ವೇಗ ಇಳಿಸಿದಳು. ತಗ್ಗು ಬಂದರೆ ಕೈ ತೋರಿಸಿದಳು. ಗಾಳಿ ಯಾವ ಮಗ್ಗುಲಿನಿಂದ ಬೀಸಿದರೆ ಆ ಮಗ್ಗುಲಿಗೆ ತುಸು ಸರಿದು ಅಜ್ಜನಿಗೆ ಮರೆಯಾದಳು. ತೊಡೆಗಳು ಉರಿಯುತ್ತಿದ್ದವು, ತುಟಿ ಒಡೆದು ರಕ್ತ ಒಸರಿತ್ತು. ಆದರೂ ಹಿಂದಿನ ಚೈನು ಕಿರಿಗುಟ್ಟುತ್ತಲೇ ಇತ್ತು. ಆ ಸದ್ದು ಕೇಳಿದಷ್ಟೂ ಅವಳಿಗೆ ಹುರುಪು ಬಂತು.

ಬಿಸಿಲು ಇಳಿಯುವ ಹೊತ್ತಿಗೆ ನೀರಿನ ಟ್ಯಾಂಕು ಕಂಡಿತು. ಆಮೇಲೆ ಕಾರ್ಖಾನೆಯ ತಗಡಿನ ಮಾಡುಗಳು, ಬಸ್ಸು, ಆಟೋ, ಕುಂದಾ ಮಿಠಾಯಿ ಅಂಗಡಿಯ ಬೋರ್ಡು.

ಚಹಾದಂಗಡಿ ಮುಂದೆ ನಿಂತಿದ್ದವನೊಬ್ಬ ಕೂಗಿದ: “ಏ, ಅಜ್ಜನ ನೋಡ್ರೋ! ಈ ಗಾಳ್ಯಾಗ ಸೈಕಲ್ ಹೊಡಕೊಂಡು ಬಂದಾನ! ಭಲೇ ಅಜ್ಜಾ!”

ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆಟೋದವನೊಬ್ಬ ಹಾರನ್ ಹೊಡೆದ. ನೀಲಗಂಗಾ ಊರ ತುಂಬ ಕೇಳುವಂತೆ ಬೆಲ್ ಬಾರಿಸಿದಳು.

“ಬಂದ್ವಿರಿ ಅಜ್ಜಾರ! ಬಂದೇ ಬಿಟ್ವಿ!”

ದೊಡ್ಡ ಸರ್ಕಲ್ಲಿಗೆ ಬಂದು ಬ್ರೇಕ್ ಹಿಡಿದಳು. ಅಜ್ಜನ ಮುಂದಿನ ಗಾಲಿ ಅವಳ ಹಿಂದಿನ ಗಾಲಿಗೆ ಇನ್ನೇನು ತಾಗುವಷ್ಟು ಹತ್ತಿರ ಬಂದು ನಿಂತಿತು. ನಾಳೆ ಮಕ್ಕಳ ಮುಂದೆ ಯಾರು ಅಂತ ಕೇಳಬೇಕೆನ್ನಿಸಿತು. ಧೈರ್ಯ ಸಾಲಲಿಲ್ಲ. ದಾರಿಯನ್ನಷ್ಟೇ ಕೇಳಿದಳು.

“ಅಜ್ಜಾರ, ಶಾಲಿಗೆ ಎಡಕ್ಕೋ, ಬಲಕ್ಕೋ?”

ಅಜ್ಜ ಮುಖದ ಬೆವರು ಒರೆಸಿಕೊಂಡರು.

“ನನ್ನ ಕೇಳ್ತೀಯಾ? ಊರು ಬಂದದ್ದೂ ನನಗ ಗೊತ್ತಾಗಿಲ್ಲವ್ವ. ನಾ ನಿನ್ನ ಗಾಲಿ ಒಂದ ನೋಡ್ಕೊಂತ ಬಂದೀನಿ.”