ಕುಕ್ಕರಿನ ಮೇಲಿನ ಕೆಂಪು ಪಟ್ಟಿ

"ಗುರುಗಳೇ, ಜನರಿಗೆ ಉಪಯೋಗವಾಗುವಂಥ ಹೊಸ ವಸ್ತುವೊಂದನ್ನು ಮಾಡಬೇಕೆಂದು ನನಗೆ ಬಹಳ ಆಸೆ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಜ್ವರ ಬಂದು ಅವನ ಹೆಂಡತಿಯ ಕಿವಿ ಪೂರ್ತಿ ಹೋಯಿತು. ಆಮೇಲೊಮ್ಮೆ ಅವಳು ಒಲೆಯ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದರೂ ಕುಕ್ಕರ್ ಕೂಗಿದ್ದು ತಿಳಿಯಲಿಲ್ಲ. ಅದು ಕೂಗಿ ಕೂಗಿ, ಕೊನೆಗೆ ವಾಲ್ವ್ ಸಿಡಿದು, ಬಿಸಿ ಬೇಳೆ ಹಾರಿ ಅವಳ ತೋಳು ಸುಟ್ಟಿತು.

ದರ್ಜಿ ಹೆದರಿದ. ಅಂದಿನಿಂದ ಅಡುಗೆಯನ್ನು ತಾನೇ ಮಾಡತೊಡಗಿದ. ಅವಳನ್ನು ಒಲೆಯ ಹತ್ತಿರ ಸುಳಿಯಗೊಡಲಿಲ್ಲ. ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡ. ಒಂದು ದಿನ ಅವನು ಬಡಿಸುತ್ತಿರುವಾಗ ಹೆಂಡತಿ ತಟ್ಟೆಯನ್ನೇ ನೋಡುತ್ತ ಅಂದಳು: "ನನ್ನ ಮನೆಗೆ ನಾನೇ ನೆಂಟಳಾಗಿಬಿಟ್ಟೆನಲ್ಲ."

ಅವನಿಗೆ ಊಟ ಸೇರಲಿಲ್ಲ.

ಮರುದಿನ ಅಂಗಡಿ ತೆರೆಯಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಮಫ್ಲರ್ ಬಿಗಿದು, ಕುಕ್ಕರ್ ಇಟ್ಟು ಎದುರಿಗೆ ಕುಳಿತ. ಎಲ್ಲ ಶಬ್ದವೂ ಅಡಗಿತು. ಅವನಿಗೆ ಭಯವಾಯಿತು. ಅವಳು ದಿನವೂ ಇರುವುದು ಈ ನಿಶ್ಶಬ್ದದಲ್ಲಿಯೇ ಎಂದು ಅವನಿಗೆ ಆಗ ಗೊತ್ತಾಯಿತು. ಎದ್ದು ಕುಕ್ಕರಿನ ಮೇಲೆ ಬಗ್ಗಿ ನೋಡಿದ. ಅಷ್ಟರಲ್ಲಿ ಬಿಳಿ ಆವಿ ಚಿಮ್ಮಿತು. ಅಂಗಿಯ ತೋಳಿಗೆ ಅಂಟಿದ್ದ ದಾರದ ಎಳೆಯೊಂದು ಎದ್ದು ಕುಣಿಯಿತು. ಇಷ್ಟು ವರ್ಷ ಆ ಕೂಗನ್ನು ಕೇಳಿದ್ದ. ನೋಡಿದ್ದು ಅದೇ ಮೊದಲು.

ತಂತಿಯೊಂದನ್ನು ಬಗ್ಗಿಸಿ ಒಲೆಯ ಮೇಲಿನ ಹಲಗೆಗೆ ಸಿಕ್ಕಿಸಿದ. ಅದರ ತುದಿಗೆ, ಕುಕ್ಕರಿನ ನೇರಕ್ಕೆ, ಬಟ್ಟೆಯ ಪಟ್ಟಿ ಕಟ್ಟಿದ. ಹತ್ತಿಯ ಬಟ್ಟೆ ಆವಿಗೆ ನೆನೆದು ಜೋತುಬಿತ್ತು. ಹಳೆಯ ಕೊಡೆಯ ಕೆಂಪು ಬಟ್ಟೆಯನ್ನು ಕತ್ತರಿಸಿ ಕಟ್ಟಿದ. ಅದು ನೆನೆಯಲಿಲ್ಲ.

ಹೆಂಡತಿಯನ್ನು ಕೈಹಿಡಿದು ಕರೆತಂದು ನಿಲ್ಲಿಸಿದ. ಕುಕ್ಕರ್ ಕೂಗಿತು. ಕೆಂಪು ಪಟ್ಟಿ ಹಕ್ಕಿಯಂತೆ ಮೇಲಕ್ಕೆ ನೆಗೆದು, ಪಟಪಟನೆ ಬಡಿದುಕೊಂಡು, ಮತ್ತೆ ಇಳಿಯಿತು.

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇದೇನಾ ಅದರ ಕೂಗು?" ಎಂದು ಕೇಳಿದಳು.

ಅವಳ ತುಟಿ ನೋಡಿಯೇ ಅರಿತು ಅವನು ಹೌದೆಂದು ತಲೆಯಾಡಿಸಿದ. ಮಫ್ಲರ್ ಬಿಚ್ಚುವುದನ್ನೇ ಮರೆತಿದ್ದ. ಪಟ್ಟಿ ಇನ್ನೊಮ್ಮೆ ಹಾರಿತು. ದೇವರ ಮುಂದೆ ನಿಂತವರಂತೆ ಇಬ್ಬರೂ ರೆಪ್ಪೆ ಮಿಟುಕಿಸದೆ ನಿಂತರು. ಆಮೇಲೆ ಅವಳು ಮುಂದೆ ಬಂದು, ತನ್ನ ಕೈಯಿಂದಲೇ ಒಲೆ ಆರಿಸಿದಳು.

ಕತೆ ಕೇಳುತ್ತಿದ್ದ ಶಿಷ್ಯನ ಮೈ ಜುಮ್ಮೆಂದಿತು. "ಎಂಥ ಅದ್ಭುತ, ಗುರುಗಳೇ! ನಾನೂ ಅಂಥದ್ದೊಂದನ್ನು ಮಾಡಬೇಕು. ಹೇಳಿ, ಏನು ಮಾಡಲಿ?"

ಗುರುಗಳು ಅವನನ್ನು ನೋಡಿ ಹೇಳಿದರು: "ಏನು ಎಂದೇ ಕೇಳುತ್ತಿದ್ದೀಯೆ ಮಗು, ಯಾರಿಗೆ ಎಂದು ಇನ್ನೂ ಹೇಳಲಿಲ್ಲ."