ಮೇದಪ್ಪನ ಜೋಡು ನಳಿಗೆ

ನಮ್ಮ ಕೊಡಗಿನ ಕಡೆ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ. ಯಾರಾದರೂ ಸತ್ತರೆ ಎರಡು. ಎರಡು ಕೇಳಿಸಿತೋ, ಕೈಯಲ್ಲಿದ್ದ ಕೆಲಸ ಬಿಟ್ಟು ಸದ್ದು ಬಂದ ಕಡೆ ಹೋಗಬೇಕು. ಯಾರ ಮನೆ ಅಂತ ದಾರಿಯಲ್ಲಿ ವಿಚಾರಿಸಿಕೊಂಡರಾಯಿತು.

ಇದು ಮನೆಮನೆಗೆ ಫೋನು ಬರುವ ಮುಂಚಿನ ಮಾತು.

ಹೊಳೆಯಾಚೆ ಒಂದು ಸಣ್ಣ ಆಶ್ರಮ. ಅಲ್ಲಿದ್ದ ಗುರುಗಳು ಬಯಲುಸೀಮೆಯವರು. ಜಾಸ್ತಿ ಮಾತಿಲ್ಲ, ಆಡಿದರೆ ಮುಲಾಜಿಲ್ಲ. ಅವರ ಹತ್ತಿರ ವಾರಕ್ಕೊಮ್ಮೆ ಹೋಗುತ್ತಿದ್ದವನು ಈಚೆ ದಡದ ಮೇದಪ್ಪ. ಅವನ ಮನೆಯಲ್ಲಿ ತಾಯಿ ಬೊಳ್ಳವ್ವ, ಅವನು, ಮತ್ತೆ ಹದಿನಾಲ್ಕು ಹಳೇ ಕೋವಿ.

ಮೇದಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇದನ್ನು ಹೇಳೋಕೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹೊಸದಾಗಿ ಸಿಕ್ಕ ಹಳೇ ಜೋಡು ನಳಿಗೆ ಕೋವಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಆಶ್ರಮಕ್ಕೆ ಬಂದ. ಗುರುಗಳು ಊಟಕ್ಕೆ ಕೂತಿದ್ದರು.

"ನೋಡಿ ಗುರುಗಳೇ, ನೂರು ವರ್ಷ ದಾಟಿದ ಮಾಲು. ನಳಿಗೆಯ ಬಾಯಿಂದ ಮದ್ದು ತುಂಬೋ ಕೋವಿ."

"ಹೂಂ."

"ಮದ್ದು ಅಳೆದು ಹಾಕಬೇಕು. ತೆಂಗಿನ ನಾರು ತುರುಕಿ ಗಜ ಅನ್ನೋ ಉದ್ದ ಸರಳಿಂದ ಬಡೀಬೇಕು. ಆಮೇಲೆ ಗುಂಡು, ಮೇಲೆ ಮತ್ತೆ ನಾರು. ಕೊನೆಗೆ ಮದ್ದಿಗೆ ಕಿಡಿ ಹೊತ್ತಿಸೋ ಕೇಪು. ಎರಡೂ ನಳಿಗೆ ತುಂಬೋಕೆ ಕಾಲು ಗಂಟೆ ಬೇಕು. ಆ ಕಾಲು ಗಂಟೆ ನನ್ನ ತಲೆಯಲ್ಲಿ ಬೇರೆ ಏನೂ ಇರಲ್ಲ. ನೀವು ಧ್ಯಾನ ಅಂತೀರಲ್ಲ, ಅದೇ."

"ಹೊಡೆದ ಮೇಲೆ?"

"ಬಿಳೀ ಹೊಗೆ. ಆ ವಾಸನೆ! ಅಯ್ಯೋ, ಹೇಳೋಕಾಗಲ್ಲ ಬಿಡಿ. ನನಗಿಂತ ಮುಂಚೆ ಇದನ್ನ ಹಿಡಿದವರೆಲ್ಲ ಬಂದು ಪಕ್ಕದಲ್ಲಿ ನಿಂತ ಹಾಗಿರುತ್ತೆ. ತಾಳ್ಮೆ ಅನ್ನೋದು ಏನು ಅಂತ ನನಗೆ ಕಲಿಸಿದ್ದೇ ಈ ಕೋವಿಗಳು."

ಅಷ್ಟರಲ್ಲಿ ಗುಡ್ಡದ ಆಚೆಯಿಂದ ಒಂದು ಗುಂಡಿನ ಸದ್ದು ಬಂತು. ಹಿಂದೆಯೇ ಇನ್ನೊಂದು.

ಮೇದಪ್ಪ ಕಿವಿಗೊಟ್ಟು ಕೇಳಿದ. "ಇದೂ ಜೋಡು ನಳಿಗೆಯೇ. ಆದರೆ ಈಚಿನದ್ದು, ತೋಟಾ ಹಾಕೋದು. ಎರಡನೇದು ಸ್ವಲ್ಪ ಮಂಕಾಯ್ತು, ಕೇಳಿಸ್ತಾ? ತೋಟಾಕ್ಕೆ ಥಂಡಿ ಹಿಡಿದಿದೆ."

ತಿರುಗಿ ನೋಡಿದರೆ ಎಲೆಯಲ್ಲಿ ಅರ್ಧ ಅನ್ನ ಹಾಗೇ ಇದೆ. ಗುರುಗಳು ಆಗಲೇ ಕೈ ತೊಳೆದು, ಶಾಲು ಹೆಗಲಿಗೆ ಹಾಕಿಕೊಂಡು ಗುಡ್ಡದ ದಾರಿ ಹಿಡಿದಿದ್ದರು.

"ಯಾರ ಮನೆ ಗುರುಗಳೇ?" ಇವನು ಕೂಗಿದ.

"ಗೊತ್ತಿಲ್ಲ," ಅಂದರು ಅವರು, ನಿಲ್ಲದೆ. "ನಿನಗೆ ಥಂಡಿ ಹಿಡಿದ ತೋಟಾ ಕೇಳಿಸಿತು. ನನಗೆ ಯಾರೋ ಸತ್ತಿದ್ದು ಕೇಳಿಸಿತು."

ಮುಂದಿನ ವಾರ ಗುರುಗಳೇ ಮಾತು ತೆಗೆದರು.

"ಭಾನುವಾರ ಬಂದರೆ ನಿನ್ನ ಗದ್ದೆ ಕಡೆಯಿಂದ ಢಂ ಢಂ ಅಂತ ಕೇಳಿಸುತ್ತೆ."

"ತೆಂಗಿನಕಾಯಿ ಕಟ್ಟಿ ಗುರಿ ಹೊಡೀತೀನಿ ಗುರುಗಳೇ."

"ಬೇಕಾದರೆ ಮೂರು ಹೊಡಿ, ಹತ್ತು ಹೊಡಿ. ಎರಡು ಹೊಡೆದು ನಿಲ್ಲಿಸಬೇಡ."

ಮೇದಪ್ಪನಿಗೆ ನಗು ಬಂತು. "ಜೋಡು ನಳಿಗೆಯಲ್ಲಿ ಇರೋದೇ ಎರಡು. ಮತ್ತೆ ತುಂಬೋಕೆ ಕಾಲು ಗಂಟೆ. ನಾನೇನು ಮಾಡಲಿ? ಜನಕ್ಕೆ ಗೊತ್ತಾಗುತ್ತೆ ಬಿಡಿ, ಇದು ಮೇದಪ್ಪ ಅಂತ."

"ಅದೇ ನನಗೆ ಹೆದರಿಕೆ."

ಮೊದಮೊದಲು ಜನ ಓಡಿ ಬಂದರು. ಕೆಲವರು ಕೆಸರುಗಾಲಲ್ಲೇ ಗದ್ದೆಯಿಂದ ಬಂದರು. ಬೊಳ್ಳವ್ವ ಜಗಲಿಯಲ್ಲಿ ನಿಂತು, ನಾಚಿಕೆಯಿಂದ ಕುಗ್ಗಿ, ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದರು. ಎರಡನೇ ಸಲ ಅರ್ಧ ಜನ ಬಂದರು. ಆಮೇಲೆ ಯಾರೂ ಬರಲಿಲ್ಲ. ನೋಡಿದಿರಾ, ಅಭ್ಯಾಸ ಆಗಿಹೋಯ್ತು ಅಂತ ಮೇದಪ್ಪ ಖುಷಿಪಟ್ಟ.

ಬೊಳ್ಳವ್ವ ಖುಷಿಪಡಲಿಲ್ಲ. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಎರಡು ಗುಂಡು ಕೇಳಿಸಿದ ಮೇಲೆ ಮನೆಯಲ್ಲಿ ಕೂತವರಲ್ಲ ಅವರು. ಕಾಲು ಊದಿಕೊಂಡಿದ್ದರೂ ಕೋಲೂರಿಕೊಂಡು ಹೋಗಿದ್ದಾರೆ.

"ಮಗಾ," ಅಂದರು ಒಂದು ದಿನ, "ನಾನು ಎಲ್ಲರ ಮನೆಗೂ ಹೋಗಿದ್ದೀನಿ. ನಾನು ಹೋದ ದಿನ ಅವರೆಲ್ಲ ಬರಬೇಕು. ಅಷ್ಟೇ ನನ್ನ ಆಸೆ."

"ಬಾರದೆ ಏನವ್ವಾ? ಇರೋದರಲ್ಲೇ ಚೆಂದದ ಕೋವಿಯಲ್ಲಿ ಹೊಡೀತೀನಿ ನಿನಗೋಸ್ಕರ."

ಬೊಳ್ಳವ್ವ ಅವನ ಮುಖ ನೋಡಿ, ಕೋಲೂರಿಕೊಂಡು ಒಳಗೆ ಹೋದರು.

ಅವರು ತೀರಿಕೊಂಡಿದ್ದು ಒಂದು ಭಾನುವಾರ, ಮಧ್ಯಾಹ್ನದ ಹೊತ್ತು.

ಮೇದಪ್ಪ ಅಂಗಳಕ್ಕೆ ಬಂದ. ಜೋಡು ನಳಿಗೆಗೆ ಮದ್ದು ತುಂಬಿದ. ಆಕಾಶಕ್ಕೆ ಎರಡು ಹೊಡೆದ. ಬೇಲಿ ಕಡೆ ನೋಡುತ್ತಾ ನಿಂತ. ಯಾರೂ ಕಾಣಲಿಲ್ಲ. ನಿಂತಲ್ಲೇ ಮತ್ತೆ ತುಂಬಿದ. ತುಂಬೋಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಕಾದ. ಮತ್ತೆ ಎರಡು ಹೊಡೆದ. ಯಾರೂ ಬರಲಿಲ್ಲ. ಮತ್ತೆ ಎರಡು. ಅಳುತ್ತಾ ಮತ್ತೆ ಎರಡು.

ಪಾಪ, ಹೊಡೆದಷ್ಟೂ ಅದು ಭಾನುವಾರದ ಹಾಗೇ ಕೇಳಿಸಿತು.

"ಮೇದಪ್ಪನಿಗೆ ಇವತ್ತು ಏನೋ ಹುರುಪು ಜಾಸ್ತಿ," ಅಂತ ನಮ್ಮ ಮನೆಯಲ್ಲಿ ಅಂದಿದ್ದು ನಾನೇ. ಸುಳ್ಳು ಯಾಕೆ ಹೇಳಲಿ? ಬೊಳ್ಳವ್ವ ನನ್ನ ಅಪ್ಪ ಸತ್ತಾಗ ಎಲ್ಲರಿಗಿಂತ ಮೊದಲು ಬಂದವರು.

ಕೊನೆಗೆ ಅವನು ತಾಯಿಯನ್ನು ಒಬ್ಬರನ್ನೇ ಮನೆಯಲ್ಲಿ ಬಿಟ್ಟು, ಮನೆಮನೆ ಬಾಗಿಲಿಗೆ ಬಂದು ಹೇಳಿದ. ಹತ್ತಿರದ ನಾಲ್ಕೈದು ಮನೆಯವರು ಹೋದೆವು. ದೂರದವರಿಗೆ, ಹೊಳೆಯಾಚೆಯವರಿಗೆ ತಿಳಿಯೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ನಮ್ಮ ಜೊತೆ ಅವನು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಹನ್ನೊಂದನೇ ದಿನದ ಕೆಲಸ ಮುಗಿಸಿ ಅವನು ಜೋಡು ನಳಿಗೆ ಎತ್ತಿಕೊಂಡು ಹೊಳೆ ದಾಟಿದ. ದೋಣಿಯಲ್ಲಿ ಅವನ ಜೊತೆಗೆ ಹೋದವನು ನಾನೊಬ್ಬನೇ.

ಗುರುಗಳು ದಂಡೆಯ ಕಲ್ಲಿನ ಮೇಲೆ ಕೂತಿದ್ದರು. ಈ ಹನ್ನೊಂದು ದಿನದಲ್ಲಿ ಅವರಿಗೆ ಹತ್ತು ವರ್ಷ ಹೆಚ್ಚು ವಯಸ್ಸಾದ ಹಾಗೆ ಕಾಣುತ್ತಿತ್ತು.

"ಇದನ್ನ ಹೊಳೆಗೆ ಹಾಕಿಬಿಡ್ತೀನಿ ಗುರುಗಳೇ."

"ಹಾಕು."

"ಹಾಕಿದರೆ ಅವ್ವನಿಗೆ ಸಮಾಧಾನ ಆಗುತ್ತಾ?"

"ಇಲ್ಲ."

ಮೇದಪ್ಪ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತ.

"ಊರಿನವರು ಬರಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಂಡೆ," ಅಂದ. "ಆದರೆ ನೀವು? ಗುರುತು ಪರಿಚಯ ಇಲ್ಲದವರು ಸತ್ತರೂ ಎಲೆ ಬಿಟ್ಟು ಎದ್ದು ಹೋಗ್ತೀರಿ. ನನ್ನ ಅವ್ವನಿಗೆ ಯಾಕೆ ಬರಲಿಲ್ಲ? ಕೇಳಿಸಲಿಲ್ವಾ?"

ಗುರುಗಳು ಅವನನ್ನು ನೋಡಲಿಲ್ಲ. ನೀರನ್ನೇ ನೋಡುತ್ತಿದ್ದರು.

"ಕೇಳಿಸಿತು," ಅಂದರು. "ಎರಡು ಕೇಳಿಸಿತು, ಅರ್ಧ ಊಟದಲ್ಲಿ ಎದ್ದೆ. ದೋಣಿ ಹತ್ತಿ ಕೂತಿದ್ದೆ. ಮತ್ತೆ ಎರಡು ಕೇಳಿಸಿತು. ಓ, ಮೇದಪ್ಪ ಅಂದುಕೊಂಡೆ. ಇಳಿದು ಬಂದು ಊಟ ಮುಗಿಸಿದೆ."