ಹಬೆ ಕೊಟ್ಟರೆ ಉಬ್ಬುವುದಿಲ್ಲವೇ?

ಚಿಕ್ಕಂದಿನಲ್ಲಿ ನಾವು ಕೇಳಿದ ಪೆದ್ದನ ಕತೆಯಲ್ಲಿ ಇರುತ್ತಿದ್ದವರು ಇಬ್ಬರೇ: ಪೆದ್ದ ಮತ್ತು ಅವನ ತಾಯಿ. ಅಪ್ಪ ಎಲ್ಲಿ ಎಂದು ಕೇಳಿದರೆ ಅಜ್ಜಿ, "ಹೊರಗೆ ಹೋಗಿದಾನೆ, ಬರ್ತಾನೆ ಸುಮ್ನಿರು" ಎನ್ನುತ್ತಿದ್ದಳು. ಕತೆ ಮುಗಿದು ನಮಗೆ ನಿದ್ದೆ ಬಂದರೂ ಅವನು ಬರುತ್ತಿರಲಿಲ್ಲ. ಅಷ್ಟು ಹೊತ್ತು ಹೊರಗೆ ಏನು ಮಾಡುತ್ತಿದ್ದ ಎಂಬ ಅನುಮಾನ ನನಗೆ ಬಹಳ ವರ್ಷ ಇತ್ತು. ಕೊನೆಗೊಮ್ಮೆ, ಅಪ್ಪನೂ ಇರುವ ಪೆದ್ದನ ಕತೆಯೊಂದು ಕಿವಿಗೆ ಬಿತ್ತು. ಅದು ಹೀಗಿದೆ.

ಒಂದೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಹೊನ್ನಮ್ಮನ ತಟ್ಟೆ ಇಡ್ಲಿ ಅಂಗಡಿ. ಅವಳ ಮಗ ಷಡಕ್ಷರಿ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಹೇಳಿದಷ್ಟಕ್ಕೇ ನಿಲ್ಲುತ್ತಿತ್ತು. ಹಿಟ್ಟು ನೋಡ್ಕೊ ಎಂದರೆ ನೋಡುತ್ತ ಕೂರುತ್ತಿದ್ದ. ನಾಯಿ ಬಂದು ಬಾಯಿ ಹಾಕಿದರೂ ನೋಡುತ್ತಲೇ ಕೂರುತ್ತಿದ್ದ. ಆದರೆ ಹೇಳಿದ ಮಾತು ಮೀರುವವನಲ್ಲ.

ಹೊನ್ನಮ್ಮನ ಗಂಡ ಕರಿಬಸಪ್ಪನಿಗೆ ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಬೇಕು. ಹೋದರೆ ಬೇಗ ಬರುವಂತಿಲ್ಲ. ನಿಲ್ಲಬೇಕು, ನಾಲ್ಕು ಹನಿ, ಮತ್ತೆ ನಿಲ್ಲಬೇಕು. ಮಗಳು ಶಿವಲೀಲೆಯ ಎರಡನೆಯ ಹೆರಿಗೆ ಗಂಡನ ಊರಿನಲ್ಲೇ ಆಗಿತ್ತು. ಅಲ್ಲಿಗೆ ಬಸ್ಸಿನಲ್ಲಿ ಮೂರು ಗಂಟೆ. ಅರ್ಧ ಗಂಟೆ ತಡೆಯಲಾರದವನು ಮೂರು ಗಂಟೆ ಹೇಗೆ ಕೂತಾನು? ಮಗುವಿಗೆ ಹೆಸರಿಟ್ಟ ದಿನವೂ ಹೋಗಲಿಲ್ಲ. "ದೊಡ್ಡದಾದ್ಮೇಲೆ ಅದೇ ಬರುತ್ತೆ ಬಿಡು" ಎಂದು ಗೋಡೆಯ ಕಡೆ ಮುಖ ಮಾಡಿ ಹೇಳಿದ. ಹೊನ್ನಮ್ಮನಿಗೆ ಆ ಗೋಡೆಯ ಮೇಲೇ ಸಿಟ್ಟು ಬಂತು. ಬಸ್ಸಿನಲ್ಲಿ ಹತ್ತು ನಿಮಿಷದ ದಾರಿಯ ಆಸ್ಪತ್ರೆಗೆ ಅವನನ್ನು ಹೊರಡಿಸಿದಳು. ಬೆಳಗಿನ ಗಿರಾಕಿಗಳನ್ನು ಬಿಟ್ಟು ತಾನು ಹೋಗುವಂತಿಲ್ಲ, ಜೊತೆಗೆ ಕಳಿಸಲು ಷಡಕ್ಷರಿಯಲ್ಲದೆ ಇನ್ಯಾರೂ ಇಲ್ಲ.

ಡಾಕ್ಟರು ಮಾತಾಡುವ ಹೊತ್ತಿಗೆ ಕರಿಬಸಪ್ಪ ಹೊರಗೆ ಹೋಗಿದ್ದ. ಅವರು ಷಡಕ್ಷರಿಗೇ ಹೇಳಿದರು: "ನಾಳೆ ಸ್ಕ್ಯಾನಿಂಗು. ಒಂದು ಲೀಟರ್ ನೀರು ಕುಡಿದು, ಮೂತ್ರಕ್ಕೆ ಹೋಗದೆ ಬನ್ನಿ."

ಮರುದಿನ ಸ್ಕ್ಯಾನಿಂಗ್ ಮಾಡುವವಳು, "ಯಜಮಾನ್ರೇ, ಒಳಗೆ ನೀರೇ ಇಲ್ವಲ್ಲ" ಎಂದಳು.

ಮೂಲೆಯಲ್ಲಿ ಕಾಲಿಗೆ ಕಾಲು ಹೆಣೆದು ನಿಂತಿದ್ದ ಷಡಕ್ಷರಿ, "ನಾನು ಕುಡಿದಿದೀನಿ ಮೇಡಂ. ಬೇಗ ನೋಡ್ಬಿಡಿ" ಎಂದ.

ಮನೆಗೆ ಬಂದ ಮೇಲೆ ಹೊನ್ನಮ್ಮ ಹಣೆ ಚಚ್ಚಿಕೊಂಡಳು. "ನೀನ್ಯಾಕೋ ಕುಡಿದೆ? ಕಾಯಿಲೆ ನಿಂದಾ? ಆಸ್ಪತ್ರೇಲಿ ಯಾರು ಏನೇ ಹೇಳಲಿ, ಅದು ಅಪ್ಪನಿಗೆ ಹೇಳಿದ್ದು. ಅಪ್ಪನ ಕೈಲಿ ಮಾಡಿಸು."

"ಹಂಗೇ ಆಗ್ಲಿ ಅವ್ವ."

ಮತ್ತೊಂದು ದಿನ ಕರಿಬಸಪ್ಪನೇ ನೀರು ಕುಡಿದು ಸ್ಕ್ಯಾನಿಂಗ್ ಮಾಡಿಸಿಕೊಂಡ. ಅದರ ಚೀಟಿ ಹಿಡಿದು ಹೋದ ದಿನ ನರ್ಸಮ್ಮ ಷಡಕ್ಷರಿಯನ್ನು ತಡೆದು, "ಇಲ್ಲೇ ಬೆಂಚಿನ ಮೇಲೆ ಕೂತಿರಪ್ಪ, ಹೆಸರು ಕೂಗೋವರೆಗೂ ಏಳಬೇಡ" ಎಂದಳು. ಷಡಕ್ಷರಿ ಅಪ್ಪನನ್ನು ಕೂರಿಸಿದ. ಸ್ವಲ್ಪ ಹೊತ್ತಿಗೆ ಕರಿಬಸಪ್ಪ ಏಳಹೋದ.

"ಏಳಬಾರದಂತೆ ಅಪ್ಪ."

"ಬಿಡೋ, ಹೋಗ್ಬೇಕು."

"ಹೆಸರು ಕೂಗಿಲ್ಲ." ಷಡಕ್ಷರಿ ಎರಡೂ ಭುಜ ಒತ್ತಿ ಹಿಡಿದ.

ಹೆಸರು ಕೂಗುವ ಮೊದಲೇ ಕರಿಬಸಪ್ಪನ ಪಂಚೆ ಒದ್ದೆಯಾಯಿತು. ಅಷ್ಟು ಜನರ ನಡುವೆ ಅವನು ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೂತುಬಿಟ್ಟ. ಷಡಕ್ಷರಿ ಭುಜ ಬಿಟ್ಟ. ತಾನು ಉಟ್ಟಿದ್ದ ಪಂಚೆಯನ್ನು ಬಿಚ್ಚಿ ಅಪ್ಪನಿಗೆ ಉಡಿಸಿದ. ತಾನು ಪಟ್ಟೆ ಚಡ್ಡಿಯಲ್ಲೇ ಡಾಕ್ಟರ ಕೋಣೆಗೆ ಹೋದ, ಚಡ್ಡಿಯಲ್ಲೇ ಬಸ್ಸು ಹತ್ತಿದ, ಚಡ್ಡಿಯಲ್ಲೇ ಊರ ನಡುವೆ ನಡೆದು ಬಂದ.

ಹೊನ್ನಮ್ಮ ಬೈಯಲು ಬಾಯಿ ತೆರೆದವಳು ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ಯಾರು ಏನಾದ್ರೂ ಹೇಳಿದ್ರೆ ಕುರಿ ಥರ ಕೇಳ್ತೀಯಲ್ಲೋ. ಯಾಕೆ ಅಂತ ಕೇಳು. ಅರ್ಥ ಆಗೋವರೆಗೂ ಬಿಡಬೇಡ."

"ಹಂಗೇ ಆಗ್ಲಿ ಅವ್ವ."

ಮುಂದಿನ ವಾರ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿಯನ್ನು ಅಮುಕುತ್ತಿದೆ. ಕೊಯ್ಯುವುದು ಬೇಡ, ಹೊಲಿಗೆ ಇಲ್ಲ. ಮೂತ್ರದ ದಾರಿಯಲ್ಲೇ ತೆಳ್ಳನೆಯ ಸಲಕರಣೆ ಇಳಿಸಿ ಗ್ರಂಥಿಗೆ ಹಬೆ ಕೊಡುತ್ತಾರೆ. ಒಂದೊಂದು ಸಲಕ್ಕೆ ಒಂಬತ್ತು ಸೆಕೆಂಡು. ಸಂಜೆಗೆ ಮನೆ. ಗ್ರಂಥಿ ತಾನಾಗಿ ಕುಗ್ಗುತ್ತದೆ.

"ಯಾಕೆ?" ಎಂದ ಷಡಕ್ಷರಿ.

"ಯಾಕೆ ಅಂದ್ರೆ?"

"ಹಬೆ ಕೊಟ್ಟರೆ ಉಬ್ಬುತ್ತೆ ಸಾರ್. ನಾವು ಇಡ್ಲಿಯವರು. ದಿನಾ ನೋಡ್ತೀವಿ."

ಡಾಕ್ಟರು ನಕ್ಕು, ಇಡ್ಲಿ ಬೇರೆ, ಮಾಂಸ ಬೇರೆ ಎಂದು ವಿವರಿಸಿದರು. ಷಡಕ್ಷರಿಗೆ ಅರ್ಥವಾಗಲಿಲ್ಲ. ಅರ್ಥವಾಗುವವರೆಗೂ ಬಿಡಬೇಡ ಎಂದು ಅವ್ವ ಹೇಳಿದ್ದಳಲ್ಲ. ಹಬೆ ಕೊಡಬೇಕಾದ ದಿನ ಒಂದು ಡಬ್ಬಿಯಲ್ಲಿ ಹಿಟ್ಟು, ಇನ್ನೊಂದು ಡಬ್ಬಿಯಲ್ಲಿ ಬೆಂದ ಇಡ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತ. "ಮೊದಲು ಇದನ್ನ ಕುಗ್ಗಿಸಿ ತೋರಿಸಿ. ಆಮೇಲೆ ನಮ್ಮಪ್ಪನ್ನ ಕೊಡ್ತೀನಿ." ಅಪ್ಪ ಬೇಡಿಕೊಂಡ, ನರ್ಸಮ್ಮ ಗದರಿದಳು, ಕಾವಲುಗಾರ ಬಂದ. ಅಷ್ಟರಲ್ಲಿ ಹೊತ್ತು ಮೀರಿ, ಆ ದಿನದ ಸರದಿ ಬೇರೆಯವರಿಗೆ ಹೋಯಿತು. ಇನ್ನು ಹದಿನೈದು ದಿನ ಕಾಯಬೇಕು.

ಹೊನ್ನಮ್ಮ ಒಲೆಯ ಮುಂದೆ ಕುಸಿದು ಕೂತಳು. ಹದಿನೈದು ದಿನವೆಂದರೆ ಶಿವಲೀಲೆಯ ಮಗು ಇನ್ನಷ್ಟು ಬೆಳೆದಿರುತ್ತದೆ. "ಡಾಕ್ಟರಿಗಿಂತ ನಿಂಗೆ ಜಾಸ್ತಿ ಗೊತ್ತೇನೋ? ಇನ್ಮೇಲೆ ಎದುರು ಮಾತಾಡ್ಬೇಡ. ಏನು ಕೇಳಿದ್ರೂ ಹೂಂ ಅನ್ನು."

"ಹೂಂ."

ಸರದಿ ಮತ್ತೆ ಬಂತು. ನರ್ಸಮ್ಮ ಕಾಗದ ಹಿಡಿದು ಕೇಳಿದಳು. "ಯಜಮಾನ್ರು ಬೆಳಿಗ್ಗೆ ಏನಾದ್ರೂ ತಿಂದಿದಾರಾ?"

"ಹೂಂ."

"ತಿನ್ನಬಾರದು ಅಂತ ಹೇಳಿರಲಿಲ್ವಾ?"

"ಹೂಂ."

"ರಕ್ತ ತೆಳುವಾಗೋ ಮಾತ್ರೆ ಏನಾದ್ರೂ?"

"ಹೂಂ."

ನರ್ಸಮ್ಮ ಕಾಗದದಿಂದ ತಲೆ ಎತ್ತಿ ಅವನನ್ನೇ ನೋಡಿದಳು. "ಬಸುರೇನಪ್ಪ ನಿಮ್ಮ ತಂದೆ?"

"ಹೂಂ."

ಅವಳು ಕಾಗದ ಎತ್ತಿಕೊಂಡು ನೇರವಾಗಿ ಕರಿಬಸಪ್ಪನನ್ನೇ ಕೇಳಿದಳು. ಅವನು ತಿಂದಿರಲಿಲ್ಲ, ಮಾತ್ರೆಯೂ ಇರಲಿಲ್ಲ. ಹೀಗೆ ಕೊನೆಗೂ ಹಬೆ ಕೊಟ್ಟದ್ದಾಯಿತು. ಸಂಜೆಗೆ ಕರಿಬಸಪ್ಪ ಕೊಳವೆ ಮತ್ತು ಚೀಲದೊಂದಿಗೆ ಮನೆಗೆ ಬಂದ. ನಾಲ್ಕು ದಿನ ಮೂತ್ರ ಆ ಕೊಳವೆಯಿಂದ ಚೀಲಕ್ಕೆ. "ಚೀಲ ಯಾವಾಗ್ಲೂ ಅವರ ಸೊಂಟಕ್ಕಿಂತ ಕೆಳಗಿರಲಿ" ಎಂದಿದ್ದರು ಡಾಕ್ಟರು.

ಷಡಕ್ಷರಿ ಚೀಲ ಹಿಡಿದು ಅಪ್ಪನ ಹಿಂದೆಯೇ ಸುತ್ತಿದ. ಅಪ್ಪ ಕುರ್ಚಿಯ ಮೇಲೆ ಕೂತರೆ ಇವನು ನೆಲದ ಮೇಲೆ. ಮರುದಿನ ಮಧ್ಯಾಹ್ನ ಅಪ್ಪ ಎಂದಿನಂತೆ ಹಿತ್ತಿಲ ಚಪ್ಪರದಡಿ ಚಾಪೆ ಹಾಸಿ ಮಲಗಿದ. ಈಗ ಅಪ್ಪನ ಸೊಂಟವೂ ನೆಲದಲ್ಲಿ, ಚೀಲವೂ ನೆಲದಲ್ಲಿ. ಷಡಕ್ಷರಿ ಯೋಚಿಸಿ ಹಾರೆ ತಂದ.

ಸದ್ದು ಕೇಳಿ ಹೊನ್ನಮ್ಮ ಓಡಿ ಬಂದಾಗ ಅವನು ಮೊಣಕಾಲುದ್ದ ಗುಂಡಿಯಲ್ಲಿ ನಿಂತು, ಬೆವರು ಸುರಿಸುತ್ತ, ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಸದ್ದು ಮಾಡ್ಬೇಡ ಅವ್ವ. ಈಗ ಕಣ್ಣು ಹತ್ತಿದೆ."

ಕಣ್ಣು ಹತ್ತಿರಲಿಲ್ಲ. ಕರಿಬಸಪ್ಪ ಟವೆಲ್ಲಿನಡಿ ಮುಖ ಮುಚ್ಚಿಕೊಂಡು ನಗುತ್ತಿದ್ದ. ಅವನು ನಕ್ಕಿದ್ದನ್ನು ಹೊನ್ನಮ್ಮ ಕೇಳಿ ಎಷ್ಟು ದಿನವಾಗಿತ್ತೋ.

"ಮಂಚದ ಮೇಲೆ ಮಲಗಿಸಬಾರದಿತ್ತೇನೋ" ಎಂದಳು, ಬೈಗುಳದಲ್ಲಿ ಬಿಸಿ ಇರಲಿಲ್ಲ. "ಅಪ್ಪ ಬಾಯಿಬಿಟ್ಟು ಕೇಳೋರಲ್ಲ, ನಾಚ್ಕೊತಾರೆ. ಅವರು ಕೇಳೋಕೆ ಮುಂಚೆ ನೀನೇ ತಿಳ್ಕೊಂಡು ಮಾಡಬೇಕು."

"ಹಂಗೇ ಆಗ್ಲಿ ಅವ್ವ."

ಕೊಳವೆ ತೆಗೆದರು. ಎರಡು ವಾರ ಉರಿ ಉರಿ ಎಂದ ಕರಿಬಸಪ್ಪ, ಆಮೇಲೆ ಏನೂ ಅನ್ನಲಿಲ್ಲ. ಎರಡು ತಿಂಗಳಿಗೆ, ಅಂಗಡಿಯಲ್ಲಿ ಬೆಳಗಿನ ವ್ಯಾಪಾರ ಪೂರ್ತಿ ಹೊರಗೆ ಹೋಗದೆ ಕೂತು ಎದ್ದ. "ಹೋಗಿ ಬರೋಣ್ವೇನೆ?" ಎಂದ. ಎಲ್ಲಿಗೆ ಎಂದು ಹೊನ್ನಮ್ಮ ಕೇಳಲಿಲ್ಲ. ಅಂಗಡಿಗೆ ಬೀಗ ಹಾಕಿದಳು.

ಬಸ್ಸು ಹೊರಟು ಅರ್ಧ ಗಂಟೆಗೆ ಷಡಕ್ಷರಿ ಎದ್ದು, "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದ. ಬಸ್ಸು ನಿಂತಿತು. "ಇಳಿ ಅಪ್ಪ."

"ನಂಗೆ ಬಂದಿಲ್ಲ ಕಣೋ."

ಹಿಂದಿನ ಸೀಟುಗಳಿಂದ ಮೂವರು ವಯಸ್ಸಾದವರು ಮಾತಿಲ್ಲದೆ ಇಳಿದು ಬೇಲಿಯ ಕಡೆ ನಡೆದರು. ಮತ್ತೆ ಅರ್ಧ ಗಂಟೆಗೆ ಮತ್ತೆ ಹೋಲ್ಡಾನ್. ಐದು ಸಲ ಬಸ್ಸು ನಿಂತಿತು, ಐದು ಸಲವೂ ಆ ಮೂವರು ಇಳಿದರು, ಕರಿಬಸಪ್ಪ ಒಂದು ಸಲವೂ ಇಳಿಯಲಿಲ್ಲ. "ಯಾರಿಗ್ರೀ ಕಾಯಿಲೆ?" ಎಂದು ಕಂಡಕ್ಟರ್ ಸಿಡುಕಿದರೆ, "ನಂಗಂತೂ ಇಲ್ಲಪ್ಪ" ಎಂದು ಕರಿಬಸಪ್ಪ ಕಿಟಕಿಯಾಚೆ ನೋಡಿ ಮೀಸೆ ತಿರುವಿದ.

ಬೀಗರ ಮನೆಯ ನಡುಮನೆ ತುಂಬ ಜನ. ಶಿವಲೀಲೆ ಮಗುವನ್ನು ಅಪ್ಪನ ತೊಡೆಯ ಮೇಲಿಟ್ಟಳು. ಮಗು ತಾತನ ಮೀಸೆ ಹಿಡಿದು ಎಳೆಯಿತು, ಒಮ್ಮೆ ಗಂಭೀರವಾಯಿತು, ತಾತನ ಪಂಚೆಯನ್ನು ಒದ್ದೆ ಮಾಡಿತು. ಹೊನ್ನಮ್ಮನಿಗೆ ತಕ್ಷಣ ಹೊಳೆಯಿತು, ಆದರೆ ತಡವಾಗಿತ್ತು. ಅಪ್ಪನ ಪಂಚೆ ಒದ್ದೆಯಾದರೆ ಏನು ಮಾಡಬೇಕೆಂದು ಷಡಕ್ಷರಿಗೆ ಗೊತ್ತಿತ್ತು, ಕೇಳುವ ಮುಂಚೆಯೇ ಮಾಡಬೇಕೆಂದೂ ಗೊತ್ತಿತ್ತು. ಅಷ್ಟೂ ಬೀಗರ ಎದುರು ತನ್ನ ಪಂಚೆ ಬಿಚ್ಚಿ ಅಪ್ಪನಿಗೆ ಚಾಚಿ, ಪಟ್ಟೆ ಚಡ್ಡಿಯಲ್ಲಿ ನಿಂತ.

ಹೊನ್ನಮ್ಮ ಈ ಸಲ ಬುದ್ಧಿ ಹೇಳಲಿಲ್ಲ. ಕರಿಬಸಪ್ಪ ಪಂಚೆ ಇಸಿದುಕೊಂಡು, "ಬಾ, ಪಕ್ಕದಲ್ಲಿ ಕೂತ್ಕೊ" ಎಂದ.

ಕತೆ ಹೇಳುವವರು ಇಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಇಡ್ಲಿಯ ಮಾತನ್ನು ಇನ್ನೊಮ್ಮೆ ಹೇಳಿ ನಗಿಸುತ್ತಾರೆ. ನಾನೂ ನಕ್ಕಿದ್ದೆ. ಆಮೇಲೆ ಅನುಮಾನ ಬಂದು, ಈ ಚಿಕಿತ್ಸೆ ಮಾಡುವ ವೈದ್ಯರೊಬ್ಬರನ್ನು ವಿಚಾರಿಸಿದೆ, ಅವರು ಕೊಟ್ಟ ಪುಸ್ತಕವನ್ನೂ ಓದಿದೆ. ಗ್ರಂಥಿ ಕುಗ್ಗುವುದು ನಿಜ, ಆದರೆ ಅದಕ್ಕೆ ವಾರಗಳು ಬೇಕು. ಹಬೆ ಕೊಟ್ಟ ಮೊದಲ ಕೆಲವು ದಿನ ಅದು ಊದಿಕೊಳ್ಳುತ್ತದೆ. ಕೊಳವೆ ಹಾಕುವುದು ಅದಕ್ಕೇ.